ಪರಸ್ಥಳದಲ್ಲಿ ಶ್ರಾವಕನ ಊಟ

ಗುತ್ತಲದ ಹಿರಿಯ ಶ್ರಾವಕರೊಬ್ಬರ ಬಳಿ ಅಂಗೈಯಗಲದ ಒಂದು ಹಳೆಯ ಪುಸ್ತಕವಿದೆ. ವ್ಯಾಪಾರಸ್ಥರ ಮನೆತನದವರಾದರೂ ಅದರಲ್ಲಿ ಕೊಟ್ಟು ತೆಗೆದುಕೊಂಡ ಲೆಕ್ಕವಿಲ್ಲ. ಯಾವ ಊರಿಗೆ ಹೋದಾಗ ಎಲ್ಲಿ ಉಣ್ಣಬಹುದು, ಅಲ್ಲಿ ಏನನ್ನು ಬಿಡಬೇಕು, ಹೊತ್ತು ಮುಳುಗುವ ಮೊದಲು ಎಲೆ ಹಾಕುವರೇ ಎಂಬ ಟಿಪ್ಪಣಿಗಳಷ್ಟೇ ಇವೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಹುಬ್ಬಳ್ಳಿ, ದಾವಣಗೆರೆ ಹೀಗೆ ಊರೂರಿಗೂ ಒಂದೆರಡು ಪುಟ. ರುಚಿಯ ಮಾತು ಅಪರೂಪ. ಹಲವು ಕಡೆ ಒಂದೇ ಷರಾ ಕಾಣುತ್ತದೆ: ‘ಕೇಳಿದರೆ ನಿಜ ಹೇಳುತ್ತಾರೆ.’ ಕೆಲವು ಕಡೆ ಬೇರೊಂದು ಷರಾ: ‘ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾರೆ.’ ಅಂಥಲ್ಲಿಗೆ ಅವರು ಎರಡನೆಯ ಸಲ ಹೋಗಿಲ್ಲ.

ಗುತ್ತಲವು ಒಂದು ಕಾಲಕ್ಕೆ ಗುತ್ತವೊಳಲೆಂಬ ರಾಜಧಾನಿಯಾಗಿದ್ದ ಊರು. ಉಜ್ಜಯಿನಿಯ ಚಂದ್ರಗುಪ್ತ ವಿಕ್ರಮಾದಿತ್ಯನ ವಂಶದವರೆಂದು ಹೇಳಿಕೊಂಡ ಗುತ್ತರು ಇಲ್ಲಿಂದ ಆಳಿದರು. ಈಗ ಅದು ಹಾವೇರಿಯ ಸಂತೆ, ಬ್ಯಾಡಗಿಯ ಮಾರುಕಟ್ಟೆ, ರಾಣೆಬೆನ್ನೂರಿನ ಪೇಟೆಗಳನ್ನು ನಂಬಿದ ಊರು. ಮನೆಯಲ್ಲಿರುವಷ್ಟು ಕಾಲ ಶ್ರಾವಕನಿಗೆ ಊಟ ಒಂದು ಪ್ರಶ್ನೆಯಾಗುವುದಿಲ್ಲ. ನೀರನ್ನು ಸೋಸಿಟ್ಟಿರುತ್ತಾರೆ, ಕಂದಮೂಲ ಒಳಗೆ ಬರುವುದಿಲ್ಲ, ದೀಪ ಹಚ್ಚುವ ಮೊದಲು ಒಲೆ ಆರುತ್ತದೆ. ಬಸ್ಸು ಹತ್ತಿದೊಡನೆ ಮಾತ್ರ ಎಲ್ಲವೂ ಪ್ರಶ್ನೆಯೇ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮೂಲಂಗಿ, ಹಸಿಶುಂಠಿ ಮೊದಲಾದವನ್ನು ಅಲ್ಪ ಫಲಕ್ಕಾಗಿ ಬಹು ಜೀವಘಾತವಾಗುವ ವಸ್ತುಗಳೆಂದು ಹೆಸರಿಸಿ, ಭೋಗೋಪಭೋಗ ಪರಿಮಾಣ ವ್ರತದ ಕೆಳಗೆ ಇಟ್ಟಿದ್ದಾರೆ. ಖಾನಾವಳಿಯ ಅಡುಗೆಯವರು ಆ ಗ್ರಂಥವನ್ನು ಓದಿರುವುದಿಲ್ಲ. ಓದಿರಬೇಕೆಂದು ಬಯಸುವುದೂ ನ್ಯಾಯವಲ್ಲ.

ಈ ಹಿರಿಯರು ಇಪ್ಪತ್ತರ ವಯಸ್ಸಿಗೆ ಒಬ್ಬ ಮುನಿಗಳ ಎದುರು ರಾತ್ರಿಭೋಜನ ತ್ಯಾಗ, ಕಂದಮೂಲ ತ್ಯಾಗದ ನಿಯಮ ಹಿಡಿದರು. ಅದರ ಮರುವರ್ಷವೇ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತಿಕೆ ಸಿಕ್ಕಿತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂದದ್ದು ಈಚಿನ ಮಾತು. ಖಾರಕ್ಕಿಂತ ಬಣ್ಣಕ್ಕೆ ಬೆಲೆ ಪಡೆಯುವ ಕಡ್ಡಿ, ಡಬ್ಬಿ ಜಾತಿಗಳ ಹೆಸರು ಅದಕ್ಕೂ ಬಹಳ ಹಿಂದಿನಿಂದ ದೂರದೂರಕ್ಕೆ ಹೋಗಿತ್ತು. ಸುಗ್ಗಿಯಲ್ಲಿ ಚೀಲಗಳ ರಾಶಿಯ ನಡುವೆ ತೂಕ, ಪಟ್ಟಿ, ಲೆಕ್ಕ ಮುಗಿಯುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗುತ್ತಿತ್ತು.

ಅಂಗಡಿಯ ಹಿಂದಿನ ಓಣಿಯಲ್ಲಿ ಲಿಂಗಾಯತ ತಾಯಿಯೊಬ್ಬರು ಖಾನಾವಳಿ ನಡೆಸುತ್ತಿದ್ದರು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಅನ್ನ, ಸಾರು. ಮಾಂಸದ ಸೋಂಕು ಇಲ್ಲ, ಆದರೆ ಈರುಳ್ಳಿ, ಬೆಳ್ಳುಳ್ಳಿ ಎಲ್ಲದರಲ್ಲೂ ಇರುತ್ತಿದ್ದವು. ಮೊದಲ ದಿನವೇ ಈ ಹುಡುಗ ತನ್ನ ನಿಯಮ ಹೇಳಿಕೊಂಡಾಗ ಆಕೆ ನಗಲಿಲ್ಲ, ದೊಡ್ಡ ಮಾತನ್ನೂ ಆಡಲಿಲ್ಲ. ಒಗ್ಗರಣೆ ಹಾಕುವ ಮೊದಲೇ ಒಂದು ಚಿಕ್ಕ ಪಾತ್ರೆಗೆ ಕಾಳು ತೆಗೆದಿಡತೊಡಗಿದರು. ಒಮ್ಮೆ ಮರೆತಾಗ ಎಲೆಯ ಮುಂದೆ ನಿಂತು, “ಅಣ್ಣಾರ, ಇವತ್ತ ಪಲ್ಯಾಕ ಬೆಳ್ಳುಳ್ಳಿ ಬಿದ್ದೈತ್ರಿ. ರೊಟ್ಟಿ, ಮೊಸರ ಅಷ್ಟ ತಗೋರಿ” ಎಂದರು. ಅವರು ಹೇಳದಿದ್ದರೆ ಹಸಿದ ಹುಡುಗನಿಗೆ ಗೊತ್ತಾಗುತ್ತಿತ್ತೋ ಇಲ್ಲವೋ. ಪುಸ್ತಕದ ಮೊದಲ ಪುಟದಲ್ಲಿರುವುದು ಆ ಖಾನಾವಳಿಯೇ.

ದೊಡ್ಡ ಫಲಕದ ಹೋಟೆಲುಗಳ ಅನುಭವ ಬೇರೆ. ‘ಜೈನ ಊಟ ಸಿಗುತ್ತದೆ’ ಎಂಬ ಅಕ್ಷರಗಳು ಈಗ ಹೆದ್ದಾರಿಯ ಪಕ್ಕದಲ್ಲೂ ಕಾಣುತ್ತವೆ. ಆದರೆ ಮಿರ್ಚಿ ಕರಿಯುವ ಬಾಣಲೆಯಲ್ಲೇ ಈರುಳ್ಳಿ, ಆಲೂಗಡ್ಡೆ ಭಜಿಯೂ ಬೇಯುತ್ತದೆಯೇ ಎಂದು ಕೇಳಿದರೆ ಮಾಣಿ ಒಳಗೆ ಹೋಗಿ ನೋಡಿ ಬರುವುದಿಲ್ಲ. ನಿಂತಲ್ಲೇ ಉತ್ತರ ಕೊಡುತ್ತಾನೆ. ಗಿರಾಕಿ ಎದ್ದು ಹೋಗದಂತೆ ಮಾಡುವುದು ಅವನ ಕೆಲಸ. ತಪ್ಪು ಅವನೊಬ್ಬನದಲ್ಲ. ಕೇಳುವವರೂ ಎಷ್ಟೋ ವೇಳೆ ಸಮಾಧಾನದ ಉತ್ತರ ಬೇಕೆಂದೇ ಕೇಳುತ್ತಾರೆ.

ಕೆಲವು ವರ್ಷಗಳ ಹಿಂದೆ, ನವೆಂಬರ್ ತಿಂಗಳಲ್ಲಿ, ಆ ಪುಸ್ತಕ ವಿಯೆಟ್ನಾಮಿಗೆ ಹೋಯಿತು. ಮಗಳು ಕೆಲಸದ ನಿಮಿತ್ತ ಹೋ ಚಿ ಮಿನ್ ನಗರದಲ್ಲಿ, ಅಂದರೆ 1976ರವರೆಗೆ ಸೈಗಾನ್ ಎಂದೇ ಕರೆಯಲ್ಪಡುತ್ತಿದ್ದ ಊರಿನಲ್ಲಿ, ಮನೆ ಮಾಡಿದ್ದಳು. ಗುತ್ತಲದ ದಂಪತಿಗಳು ತೊಗರಿಬೇಳೆ, ಜೋಳದ ಹಿಟ್ಟು, ಶೇಂಗಾ ಹಿಂಡಿ ಕಟ್ಟಿಕೊಂಡೇ ವಿಮಾನ ಹತ್ತಿದರು. ಮನೆಯಲ್ಲಿ ಉಣ್ಣಲು ತೊಂದರೆಯಿರಲಿಲ್ಲ. ಆದರೆ ತಂದೆತಾಯಿಗೆ ಊರು ತೋರಿಸಬೇಕೆಂಬ ಹಂಬಲ ಮಗಳದು. ಊರು ನೋಡಲು ಹೊರಟವರು ಹೊರಗೆ ಉಣ್ಣಲೇಬೇಕಾಗುತ್ತದೆ. ಅದರಲ್ಲೂ ಅಲ್ಲಿ ನವೆಂಬರಿನಲ್ಲಿ ಸಂಜೆ 5-30ರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ; ಹಾವೇರಿಯ ಗಡಿಯಾರಕ್ಕೆ ಒಗ್ಗಿದವರಿಗೆ ಸುಮಾರು ಅರ್ಧ ಗಂಟೆಯ ನಷ್ಟ.

ಆ ನಗರದಲ್ಲಿ ಶ್ರಾವಕನು ಎಲ್ಲಿ ಉಣ್ಣಬೇಕು? ಬೆನ್ ಥಾನ್ ಮಾರುಕಟ್ಟೆಯ ಸಮೀಪದಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ತಮಿಳು ವರ್ತಕರು ಕಟ್ಟಿದ ಮಾರಿಯಮ್ಮನ್ ಗುಡಿಯಿದೆ. ಆ ಭಾಗದಲ್ಲಿ ಭಾರತೀಯರ ಹೋಟೆಲುಗಳೂ ಇವೆ. ಮಾತು ತಿಳಿಯುತ್ತದೆ ಎಂಬುದು ಅಲ್ಲಿನ ದೊಡ್ಡ ಅನುಕೂಲ. ಬಾಣಲೆಯ ಪ್ರಶ್ನೆ ಮಾತ್ರ ಅಲ್ಲಿಯೂ ಉಳಿಯುತ್ತದೆ. ಇದಕ್ಕಿಂತ ಕುತೂಹಲದ ಸಂಗತಿ ಬೌದ್ಧರ ಶಾಕಾಹಾರದ ಅಂಗಡಿಗಳದು. ಅವುಗಳ ಫಲಕದ ಮೇಲೆ ‘ಚಾಯ್’ ಎಂಬ ಪದವಿರುತ್ತದೆ. ಅದು ಚಹಾ ಅಲ್ಲ. ವ್ರತದ ಶಾಕಾಹಾರ ಎಂದು ಅರ್ಥ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಅಲ್ಲಿನ ಅನೇಕ ಗೃಹಸ್ಥರು ಮಾಂಸ ಬಿಡುತ್ತಾರೆ. ಅಷ್ಟಮಿ, ಚತುರ್ದಶಿಗಳ ಪರ್ವವನ್ನು ಪಾಲಿಸುವವರಿಗೆ ಇದು ಪರಿಚಿತ ನಡತೆಯೇ. ಮಹಾಯಾನದ ಕಟ್ಟುನಿಟ್ಟಿನ ಸಂಪ್ರದಾಯದಲ್ಲಿ ಈರುಳ್ಳಿ, ಬೆಳ್ಳುಳ್ಳಿಯಂಥ ಐದು ಘಾಟು ಪದಾರ್ಥಗಳೂ ವರ್ಜ್ಯ. ಕಾರಣ ಮಾತ್ರ ಬೇರೆ. ಅವರಿಗೆ ಅವು ಮನಸ್ಸನ್ನು ಕೆರಳಿಸಿ ಧ್ಯಾನಕ್ಕೆ ಅಡ್ಡಿಯಾಗುವ ವಸ್ತುಗಳು. ಜೈನರಿಗೆ ಗಡ್ಡೆಯೆಂದರೆ ಅನಂತಕಾಯ, ಎಣಿಕೆಗೆ ಸಿಗದ ಜೀವಗಳ ಮನೆ. ಕಾರಣ ಬೇರೆಯಾದುದರಿಂದಲೇ ಚಾಯ್ ಅಂಗಡಿಯ ಸಾರಿನಲ್ಲಿ ಮೂಲಂಗಿ, ಗಜ್ಜರಿ, ಅಣಬೆಗಳು ಧಾರಾಳವಾಗಿ ಬೀಳುತ್ತವೆ. ಹೆಸರು ನೋಡಿ ನೆಮ್ಮದಿಯಿಂದ ಕೂರುವಂತಿಲ್ಲ.

ಬೆಳಗಿನ ಹೊತ್ತು ಎಲ್ಲಕ್ಕಿಂತ ಸುಲಭವಾಗಿತ್ತು. ಬೀದಿಯ ಬದಿಯಲ್ಲಿ ಹೆಂಗಸರು ಬುಟ್ಟಿಯಲ್ಲಿಟ್ಟು ಮಾರುವ ಅಂಟಕ್ಕಿಯ ಅನ್ನ, ಅದರೊಳಗೆ ಬೆಂದ ಶೇಂಗಾ ಅಥವಾ ಹೆಸರುಬೇಳೆ, ಮೇಲೆ ಎಳ್ಳು ಉಪ್ಪಿನ ಪುಡಿ. ಹುರಿದ ಈರುಳ್ಳಿ ಉದುರಿಸಬೇಡಿರೆಂದು ಕೈಸನ್ನೆ ಮಾಡಿದರೆ ಸಾಕಾಗುತ್ತಿತ್ತು. ಎಳನೀರು, ಹಣ್ಣುಗಳು ಎಲ್ಲೆಡೆ ಸಿಗುತ್ತಿದ್ದವು. ಹಿರಿಯರಿಗೆ ಅಂಟಕ್ಕಿ ಬಹಳ ಹಿಡಿಸಿತು. ಪುಸ್ತಕದಲ್ಲಿ ಅಪರೂಪವಾದ ರುಚಿಯ ಮಾತೊಂದು ಅಲ್ಲಿ ಸೇರಿದೆ.

ಪ್ರಮಾದವಾದದ್ದು ಒಂದು ಮಧ್ಯಾಹ್ನ. ಹತ್ತಿರದಲ್ಲಿ ಚಾಯ್ ಅಂಗಡಿ ಸಿಗದೆ, ಬಿಸಿಲಿಗೆ ದಣಿದ ತಾಯಿಯನ್ನು ನೋಡಲಾಗದೆ, ಮಗಳು ಒಂದು ಸಾಧಾರಣ ಉಪಾಹಾರದ ಅಂಗಡಿಗೆ ಕರೆದೊಯ್ದಳು. ಮಾಂಸ ಬೇಡ, ಮೀನು ಬೇಡ, ಬೆಳ್ಳುಳ್ಳಿ ಬೇಡವೆಂದು ಬಾರಿಬಾರಿಗೂ ಹೇಳಿದಳು. ಅಂಗಡಿಯವನು ತಲೆಯಾಡಿಸಿದ. ಅಕ್ಕಿಯ ತೆಳು ಹಾಳೆಯಲ್ಲಿ ಸೌತೆಕಾಯಿ, ಸೊಪ್ಪು, ಶಾವಿಗೆ ಸುತ್ತಿದ ಸುರುಳಿಗಳು ಬಂದವು. ಜೊತೆಗೆ ಒಂದು ಚಿಕ್ಕ ಬಟ್ಟಲಿನಲ್ಲಿ ನಸುಗೆಂಪು ರಸ, ಮೇಲೆ ತೇಲುವ ಮೆಣಸಿನಕಾಯಿಯ ಚೂರು. ಬ್ಯಾಡಗಿಯವರ ಕಣ್ಣು ಮೆಣಸಿನಕಾಯಿಯ ಮೇಲೆಯೇ ಹೋಯಿತು. ಇಷ್ಟು ಸಣ್ಣದಕ್ಕೆ ಇಷ್ಟು ಖಾರವೇ ಎಂದು ನಗುತ್ತ ಅವರು ಸುರುಳಿಯನ್ನು ಅದ್ದಿ ತಿಂದರು. ತಾಯಿ ಖಾರಕ್ಕೆ ಹೆದರಿ ಬಟ್ಟಲನ್ನು ಮುಟ್ಟಲಿಲ್ಲ. ದುಡ್ಡು ಕೊಡಲು ಹೋದ ಮಗಳು ಕಟ್ಟೆಯ ಮೇಲಿದ್ದ ಸೀಸೆಯನ್ನು ನೋಡಿದಳು. ಅದು ನೂಕ್ ಮಾಮ್. ಚಿಕ್ಕ ಮೀನುಗಳನ್ನು ಉಪ್ಪಿನೊಡನೆ ಹಲವು ತಿಂಗಳು ಹುದುಗಿಸಿ ಇಳಿಸುವ ರಸ. ಫು ಕುಒಕ್ ದ್ವೀಪ, ಫಾನ್ ಥಿಯೆಟ್ ಊರುಗಳು ಅದಕ್ಕೆ ಪ್ರಸಿದ್ಧ. ಆ ನಾಡಿನ ಅಡುಗೆಯಲ್ಲಿ ಅದು ಉಪ್ಪಿನ ಸ್ಥಾನದಲ್ಲಿದೆ. ಅಂಗಡಿಯವನು ಬೇಕೆಂದು ವಂಚಿಸಿರಲಾರ. ಉಪ್ಪನ್ನು ಯಾರು ಮೀನೆಂದು ಎಣಿಸುತ್ತಾರೆ?

ಮಗಳು ಮೂರು ದಿನ ಸುಮ್ಮನಿದ್ದಳು. ಹೇಳಿದರೆ ತಂದೆ ನೊಂದಾರು, ಉಪವಾಸ ಹೂಡಿಯಾರು, ಬಂದ ಸಂತೋಷವೆಲ್ಲ ಹಾಳಾದೀತು. ಅರಿಯದೆ ತಿಂದದ್ದು, ಅರಿಯದೆಯೇ ಕಳೆದುಹೋಗಲಿ ಎಂದುಕೊಂಡಳು. ಆದರೆ ಅವಳ ಮುಖ ತಾಯಿಗೆ ತಿಳಿಯಿತು. ಚತುರ್ದಶಿಯ ಹಿಂದಿನ ಸಂಜೆ, ಊಟ ಮುಗಿದ ಮೇಲೆ, ಅವಳು ಎಲ್ಲವನ್ನೂ ಹೇಳಿಬಿಟ್ಟಳು.

ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, “ಮೂರು ದಿವಸ ಯಾಕ ಸುಮ್ಮನಿದ್ದಿ?” ಎಂದಷ್ಟೇ ಕೇಳಿದರು.

“ನಿಮಗ ಸಂಕಟ ಆಗ್ತದಂತ, ಅಪ್ಪಾ. ಸತ್ಯ ಆದ್ರೂ ವಿಪತ್ತು ತರೂ ಹಂಗಿದ್ರ ಹೇಳಬಾರದಂತ ನೀವ ಓದಿ ಹೇಳಿದ್ರಿ.”

ಮಾತು ಸುಳ್ಳಲ್ಲ. ಶ್ರಾವಕನ ಸತ್ಯಾಣುವ್ರತವನ್ನು ವಿವರಿಸುವಾಗ ಸಮಂತಭದ್ರರು ವಿಪತ್ತಿಗೆ ಕಾರಣವಾಗುವ ಸತ್ಯವನ್ನೂ ಆಡಬಾರದೆಂದಿದ್ದಾರೆ. ಆದರೆ ಜೀವಕ್ಕೆ ಕೇಡು ಬರುವುದು ಒಂದು, ಒಂದು ದಿನ ಮನಸ್ಸು ಕಹಿಯಾಗುವುದು ಇನ್ನೊಂದು. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಮನೆಯಲ್ಲಿ ಯಾವ ನಿಜವನ್ನೂ ಆಡುವ ಅಗತ್ಯ ಉಳಿಯುವುದಿಲ್ಲ. ತಿಂದವರ ವಿಷಯಕ್ಕೆ ಬಂದರೆ, ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಗುರುತಿಸುತ್ತದೆ. ಅರಿಯದೆ ತಿಂದೆನೆಂಬುದು ಅರ್ಧ ಉತ್ತರ; ಅರಿಯಲು ಯತ್ನಿಸಿದೆನೇ ಎಂಬ ಪ್ರಶ್ನೆ ಉಳಿಯುತ್ತದೆ. ಐವತ್ತು ವರ್ಷ ಖಾನಾವಳಿಗಳಲ್ಲಿ ಪ್ರಶ್ನೆ ಕೇಳಿದವರು ಆ ದಿನ ಮಗಳ ಮೇಲೆ ಭಾರ ಹಾಕಿ ಬಟ್ಟಲನ್ನು ಎಳೆದುಕೊಂಡಿದ್ದರು. ಮಗಳ ತಪ್ಪಿಗಿಂತ ಮೊದಲು ಅವರು ಇದನ್ನು ಒಪ್ಪಿಕೊಂಡರು.

ಆ ರಾತ್ರಿ ಅವರು ಇನ್ನೊಂದನ್ನೂ ಹೇಳಿದರು. ಹೆಂಡತಿಯೂ ಅದನ್ನು ಕೇಳಿರಲಿಲ್ಲ. ಬ್ಯಾಡಗಿಯ ಮೊದಲ ಎರಡು ಸುಗ್ಗಿಗಳಲ್ಲಿ ಅವರು ಅನೇಕ ದಿನ ಹೊತ್ತು ಮುಳುಗಿದ ಮೇಲೆಯೇ ಉಂಡಿದ್ದರು. ಗುತ್ತಲಕ್ಕೆ ಬಂದಾಗಲೆಲ್ಲ ತಾಯಿ, “ಹೊತ್ತಿನಾಗ ಉಣ್ತೀಯಿಲ್ಲೋ?” ಎಂದು ಕೇಳುತ್ತಿದ್ದರು. ಅವರು ಹೂಂ ಎನ್ನುತ್ತಿದ್ದರು. ಅದನ್ನು ನಿಲ್ಲಿಸಿದವರು ಯಾವ ಪಂಡಿತರೂ ಅಲ್ಲ, ಖಾನಾವಳಿಯ ಆ ತಾಯಿ. “ನಿಮ್ಮ ನೇಮದ ಲೆಕ್ಕ ನನಗ ಗೊತ್ತಿಲ್ರಿ ಅಣ್ಣಾರ. ಆದ್ರ ದೀಪದಾಗ ಉಣ್ಣಾಕ ಕುಂತಾಗ ನಿಮ್ಮ ಮಾರಿ ಸರಿ ಇರೂದಿಲ್ಲ” ಎಂದು, ಮೂರನೆಯ ಸುಗ್ಗಿಯಿಂದ ಸಂಜೆ ಐದಕ್ಕೇ ಹುಡುಗನೊಬ್ಬನ ಕೈಯಲ್ಲಿ ರೊಟ್ಟಿಯ ಗಂಟನ್ನು ಅಂಗಡಿಗೆ ಕಳಿಸತೊಡಗಿದರು. ತಾಯಿಗೆ ನಿಜ ಹೇಳಬೇಕೆಂದು ಅವರು ಎಷ್ಟೋ ಸಲ ಅಂದುಕೊಂಡರು. ನೊಂದಾರೆಂದು ಮುಂದೂಡಿದರು. ಹೇಳುವ ಮೊದಲೇ ತಾಯಿ ತೀರಿಕೊಂಡರು.

ಚತುರ್ದಶಿಯಂದು ಅವರು ಉಪವಾಸವಿದ್ದರು. ಮಗಳೂ ಕೂಡಿದಳು, ಯಾರೂ ಹೇಳಿರಲಿಲ್ಲ. ಹುಣ್ಣಿಮೆಯ ಬೆಳಗ್ಗೆ ಪಾರಣೆಗೆಂದು ಒಂದು ಬೌದ್ಧ ಗುಡಿಯ ಪಕ್ಕದ ಚಾಯ್ ಅಂಗಡಿಗೆ ಹೋದರು. ಪರ್ವದ ದಿನವಾದುದರಿಂದ ಕೂರಲು ಜಾಗವಿರಲಿಲ್ಲ. ಅಡುಗೆಯ ಹೆಂಗಸು ಅಷ್ಟು ಗದ್ದಲದಲ್ಲೂ ಪಾತ್ರೆಗಳ ಮುಚ್ಚಳ ಒಂದೊಂದಾಗಿ ತೆರೆದು ತೋರಿಸಿದಳು. ಇದರಲ್ಲಿ ಅಣಬೆ, ಇದರಲ್ಲಿ ಗಜ್ಜರಿ, ಈ ಸಾರಿನಲ್ಲಿ ಮೂಲಂಗಿ. ಹನ್ನೆರಡು ಪಾತ್ರೆಗಳಲ್ಲಿ ಉಳಿದದ್ದು ಮೂರು: ಬರಿಯ ಅನ್ನ, ನೀರಿನಲ್ಲಿ ಬೇಯಿಸಿದ ಸೊಪ್ಪು, ಟೊಮೆಟೊದೊಡನೆ ಬೆಂದ ಸೋಯಾ ಗಿಣ್ಣು. ಹಿರಿಯರು ಪ್ರತಿಯೊಂದನ್ನೂ ಬಗ್ಗಿ ನೋಡಿ, ಬಟ್ಟಲಿನ ರಸವನ್ನು ಪಕ್ಕಕ್ಕೆ ಸರಿಸಿ, ತೃಪ್ತಿಯಾಗುವಷ್ಟು ಉಂಡರು.

ಪುಸ್ತಕದ ಆ ಪುಟದಲ್ಲಿ ಅಂಗಡಿಯ ಗುರುತು, ಮೂರು ಪದಾರ್ಥಗಳ ಹೆಸರು, ‘ಕೇಳಿದರೆ ನಿಜ ಹೇಳುತ್ತಾರೆ, ಸೂರ್ಯಾಸ್ತ 5-30’ ಎಂದಿದೆ. ಅದೇ ಶಾಯಿಯಲ್ಲಿ ಮೊದಲ ಪುಟದ ಬ್ಯಾಡಗಿಯ ಖಾನಾವಳಿಯ ಕೆಳಗೂ ಒಂದು ಸಾಲು ಸೇರಿದೆ: ‘ಇಲ್ಲಿ ಎರಡು ಸುಗ್ಗಿ ಹೊತ್ತು ಮೀರಿ ಉಂಡದ್ದು. ಅವ್ವನಿಗೆ ಹೇಳಲಿಲ್ಲ.’