ಮುಟ್ಟಿದರೆ ಅರಳುವ ಚಿತ್ರ

ಬಣ್ಣ, ಅಂಟು, ಬಟ್ಟೆಚೂರು, ಹಳೆಯ ಕಾಗದ ಎಲ್ಲ ಸೇರಿಸಿ ಮಾಡಿದ ಮಿಶ್ರಮಾಧ್ಯಮದ ಕೃತಿಯ ಮುಂದೆ ನಿಂತರೆ ನನ್ನ ಕೈ ಸುಮ್ಮನಿರುವುದಿಲ್ಲ. ಆ ಉಬ್ಬುತಗ್ಗುಗಳ ಮೇಲೊಮ್ಮೆ ಬೆರಳಾಡಿಸಬೇಕು ಎನ್ನುವಷ್ಟರಲ್ಲಿ ‘ಮುಟ್ಟಬೇಡಿ’ ಎಂಬ ಫಲಕ ಕಾಣುತ್ತದೆ. ಇಂಥ ಕಲಾವಿದರು ಅನಿಮೇಷನ್ನಿಗೋ ಗೇಮಿಗೋ ಕೈಹಾಕಿದರೆ ‘ಪಾಪ, ಹೊಟ್ಟೆಪಾಡು’ ಎಂದು ಮರುಗುವವರಿದ್ದಾರೆ. ನನಗೋ ಖುಷಿಯಾಗುತ್ತದೆ. ಆ ಫಲಕ ಕಿತ್ತುಹಾಕುವವರು ಅವರೇ.

ಬೆಂಗಳೂರಿನ ರಾಘವ ಕೆ.ಕೆ. ಅವರನ್ನೇ ನೋಡಿ. ವ್ಯಂಗ್ಯಚಿತ್ರಕಾರರಾಗಿ ಶುರುಮಾಡಿ, ಕುಂಚ ಬಿಟ್ಟು ಕೈಕಾಲುಗಳಿಂದಲೇ ಕ್ಯಾನ್ವಾಸು ತುಂಬಿಸಿದವರು. 2011ರ ಹೊತ್ತಿಗೆ ಮಕ್ಕಳಿಗೆಂದು ಐಪ್ಯಾಡ್‌ನಲ್ಲಿ ಒಂದು ಚಿತ್ರಪುಸ್ತಕ ಮಾಡಿದರು. ಅದನ್ನು ಹಿಡಿದು ಅಲುಗಿಸಿದರೆ ಕಥೆಯೊಳಗಿನ ಸಂಸಾರವೇ ಬದಲಾಗುತ್ತದೆ: ಅಪ್ಪ-ಅಮ್ಮ ಇದ್ದಲ್ಲಿ ಇಬ್ಬರು ಅಪ್ಪಂದಿರು, ಮತ್ತೆ ಅಲುಗಿಸಿದರೆ ಇಬ್ಬರು ಅಮ್ಮಂದಿರು. ಚಿತ್ರವನ್ನು ಕೈಗೆ ಕೊಟ್ಟು ‘ಅಲುಗಿಸು’ ಎನ್ನಲು ದೊಡ್ಡ ಮನಸ್ಸೇ ಬೇಕು.

ಇದು ನಮ್ಮ ನಾಡಿಗೆ ಹೊಸತೂ ಅಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಗಂಜೀಫಾ ಎಲೆಯಾಟಗಳನ್ನು ಕಲ್ಪಿಸಿ ‘ಶ್ರೀತತ್ತ್ವನಿಧಿ’ಯಲ್ಲಿ ಬರೆಸಿಟ್ಟರು. ಗಂಜೀಫಾ ಎಲೆಯ ಮೇಲಿನ ದೇವರು ಗೋಡೆಯಲ್ಲಿ ಕೂರುವವನಲ್ಲ. ಕೈಯಿಂದ ಕೈಗೆ ದಾಟುತ್ತಾನೆ, ಆಡಿದಷ್ಟೂ ಸವೆಯುತ್ತಾನೆ. ಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ಬಾಳು ಯಾವುದಿದೆ!

ಅನಿಮೇಷನ್ ಕಲಿಯುತ್ತಿರುವ ನೆರೆಮನೆಯ ಹುಡುಗಿ ಮೊನ್ನೆ ಹೇಳಿದಳು: “ಬಾವುಟ ಹಾರಸೋದ ನಮ್ಗ ಮೊದಲ್ನೇ ಪಾಠ ನೋಡ್ರಿ ಕಾಕಾ.” ಒಂದು ಅಂಚನ್ನು ಕಂಬಕ್ಕೆ ಕಚ್ಚಿಸಿ ಗಾಳಿ ಬಿಟ್ಟರೆ ಉಳಿದದ್ದನ್ನು ಗಣಕವೇ ಲೆಕ್ಕಹಾಕುತ್ತದೆ. ಅವಳು ಬಳಸುವ ಬ್ಲೆಂಡರ್ ತಂತ್ರಾಂಶದಲ್ಲಿ ಬಟ್ಟೆಯ ಜಾತಿ ಆರಿಸಬಹುದು: ಹತ್ತಿ, ಡೆನಿಮ್, ರೇಷ್ಮೆ, ತೊಗಲು, ರಬ್ಬರ್. “ಖಾದಿನ ಇಲ್ರಿ!”

ಈ ಮಾತು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕೇಳಿದರೆ ಮನಸ್ಸಿಗೆ ನಾಟದೆ ಇರುತ್ತದೆಯೇ? 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇರುವುದು ಇಲ್ಲೇ. ದೇಶದ ರಾಷ್ಟ್ರಧ್ವಜಗಳು ಇಲ್ಲಿ ತಯಾರಾಗುತ್ತವೆ, ಹೆಚ್ಚಾಗಿ ಹೆಂಗಸರ ಕೈಯಲ್ಲಿ. ಬಟ್ಟೆಯ ಎರಡೂ ಮಗ್ಗುಲಲ್ಲಿ ಅಚ್ಚು ಹಾಕಿದ ಅಶೋಕಚಕ್ರದ 24 ಅರಗಳು ಒಂದರ ಬೆನ್ನಿಗೊಂದು ಸರಿಯಾಗಿ ಕೂಡಬೇಕು. ಕೂದಲೆಳೆಯಷ್ಟು ಸರಿದರೂ ಬೆಳಕಿಗೆ ಹಿಡಿದಾಗ ತಿಳಿಯುತ್ತದೆ. ಪದರದ ಮೇಲೆ ಪದರ ಕೂರಿಸುವ ಅನಿಮೇಷನ್ನಿನವರ ಕಣ್ಣಿಗೂ ಇದೇ ಕೆಲಸ. 2021ರ ಕೊನೆಗೆ ಧ್ವಜಸಂಹಿತೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಸಿಕ್ಕಿತು. ಪಾಲಿಯೆಸ್ಟರ್ ಪಟಪಟ ಬಡಿದುಕೊಳ್ಳುತ್ತದೆ. ಖಾದಿ ಗಾಳಿಯನ್ನು ಒಳಗೆ ತುಂಬಿಕೊಂಡು, ನಿಧಾನಕ್ಕೆ ಮಡಿಕೆ ಬಿಚ್ಚಿ, ತೂಗಿ ಇಳಿಯುತ್ತದೆ. ನೋಡಬೇಕು ಅದನ್ನು.

ಹುಡುಗಿ ಖಾದಿ ಟವೆಲ್ಲೊಂದನ್ನು ಮಾಳಿಗೆಯ ಮೇಲಿನ ತಂತಿಗೆ ಕಟ್ಟಿ ಮೊಬೈಲಿನಲ್ಲಿ ಹಿಡಿದುಕೊಂಡಿದ್ದಾಳೆ. ಅದನ್ನು ನೋಡಿಕೊಂಡು ಹತ್ತಿಯ ತೂಕ, ಬಿಗುವಿನ ಅಂಕಿಗಳನ್ನು ಬದಲಿಸುತ್ತ ಕೂತಿದ್ದಾಳೆ. ಅದೇ ಬಟ್ಟೆಯ ಮೇಲೆ ಬಣ್ಣ ಬಳಿದು, ಕಸೂತಿಯ ತೇರು, ಗೋಪುರ ಹೊಲಿದು, ಸ್ಕ್ಯಾನ್ ಮಾಡಿ ಗೇಮಿನೊಳಕ್ಕೆ ತರುವ ಯೋಚನೆ ಅವಳದು. ಆಡುವವರು ದಾರ ಎಳೆದರೆ ತೇರು ಹೊರಡಬೇಕಂತೆ.