ಸುಣ್ಣದ ಮಣ್ಣು ತಿನ್ನುವ ಆಮೆಗಳ ನಾಡಿನಲ್ಲಿ

ಅಮೆರಿಕದ ಲಾಸ್ ವೇಗಾಸ್ ಎಂದೊಡನೆ ನೆನಪಾಗುವುದು ಜೂಜುಕಟ್ಟೆಗಳು, ಇರುಳನ್ನು ಹಗಲು ಮಾಡುವ ದೀಪಗಳು. ಆ ಗದ್ದಲ ಬಿಟ್ಟು ಪಶ್ಚಿಮಕ್ಕೆ ಅರ್ಧ ಗಂಟೆ ಕಾರಿನಲ್ಲಿ ಸಾಗಿದರೆ ರೆಡ್ ರಾಕ್ ಕ್ಯಾನ್ಯನ್ ಎದುರಾಗುತ್ತದೆ. ಕೆಂಪು ಮರಳುಗಲ್ಲಿನ ಬೆಟ್ಟ, ಅದರ ನೆತ್ತಿಯ ಮೇಲೆ ಬೂದು ಬಣ್ಣದ ಸುಣ್ಣದ ಕಲ್ಲು. ವಿಚಿತ್ರವೆಂದರೆ, ಕೆಳಗಿನ ಕೆಂಪು ಕಲ್ಲಿಗಿಂತ ಮೇಲಿರುವ ಬೂದುಗಲ್ಲೇ ಹಳೆಯದು. ಎಂದೋ ಸಮುದ್ರದ ತಳದಲ್ಲಿದ್ದ ಪದರ ಭೂಮಿಯ ಒತ್ತಡಕ್ಕೆ ಸಿಕ್ಕಿ ಹೊಸ ಕಲ್ಲಿನ ಹೆಗಲೇರಿ ಕುಳಿತಿದೆ.

ಸುಣ್ಣ ಬೆಟ್ಟದ ಮೇಲಷ್ಟೇ ಉಳಿದಿಲ್ಲ. ಈ ಮೊಹಾವೆ ಮರುಭೂಮಿಯ ಬಯಲಿನಲ್ಲೂ ಮಳೆನೀರಿನಲ್ಲಿ ಕರಗಿ, ಧೂಳಿನಲ್ಲಿ ಬೆರೆತು, ಮಣ್ಣಿನಡಿ ಬಿಳಿಯ ಗಟ್ಟಿ ಪದರವಾಗಿ ನೆಲೆಸಿದೆ. ಅಲ್ಲಿನವರ ಬಾಯಲ್ಲಿ ಇದು ಕಲೀಚೆ. ಕರ್ನಾಟಕದ ಎರೆಹೊಲಗಳಲ್ಲಿ ಸಿಗುವ ಸುಣ್ಣದ ಹರಳಿನ ನೆಂಟ ಎನ್ನಬಹುದು. ಮನೆಗೆ ಪಾಯ ತೋಡುವವರು ಇದಕ್ಕೆ ಹಿಡಿಶಾಪ ಹಾಕುತ್ತಾರೆ. ಮರುಭೂಮಿಯ ಆಮೆಗೆ ಮಾತ್ರ ಇದು ವರ. ಕಲೀಚೆಯ ಕೆಳಗಿನ ಪೊಟರೆ ಅದಕ್ಕೆ ಮನೆ. ಬಾಳಿನ ಶೇಕಡ 95ರಷ್ಟು ಕಾಲವನ್ನು ಅದು ನೆಲದೊಳಗೇ ಕಳೆಯುತ್ತದೆ.

ಇಷ್ಟೇ ಅಲ್ಲ, ಈ ಆಮೆ ಮಣ್ಣು ತಿನ್ನುತ್ತದೆ! ಸಿಕ್ಕಿದ ಮಣ್ಣನ್ನಲ್ಲ. ಪೂರ್ವ ಮೊಹಾವೆಯ ಆಮೆಗಳು ಕ್ಯಾಲ್ಸಿಯಂ ಹೆಚ್ಚಿರುವ ಪದರವನ್ನೇ ಹುಡುಕಿ, ಮುಂಗಾಲಿನಿಂದ ಕೆದಕಿ ತಿನ್ನುವುದನ್ನು ವಿಜ್ಞಾನಿಗಳು 1982ರಲ್ಲಿ ವರದಿ ಮಾಡಿದರು. ತರಗತಿಯಲ್ಲಿ ಬಳಪ ಕದ್ದು ತಿನ್ನುವ ಹುಡುಗರ ನೆನಪಾದರೆ ತಪ್ಪಿಲ್ಲ. ಆಮೆಯ ಬೆನ್ನಿನ ಚಿಪ್ಪು ಬರೀ ಹೊದಿಕೆಯಲ್ಲ, ಪಕ್ಕೆಲುಬು ಬೆನ್ನೆಲುಬುಗಳು ಬೆಸೆದುಕೊಂಡ ಮೂಳೆ. ಮೊಟ್ಟೆಯ ಕವಚಕ್ಕೂ ಸುಣ್ಣವೇ ಬೇಕು. ಒಣಹುಲ್ಲು, ಕಾಡುಹೂವಿನಿಂದ ಸಾಲದ್ದನ್ನು ಅದು ನೆಲದಿಂದ ಪಡೆಯುತ್ತದೆ.

ಲಾಸ್ ವೇಗಾಸ್ ಸುತ್ತಿನ ಶಾಲಾಮಕ್ಕಳಿಗೆ ಈ ಪ್ರಾಣಿ ಅಪರಿಚಿತವಲ್ಲ. ಮೊಹಾವೆ ಮ್ಯಾಕ್ಸ್ ಎಂಬ ಆಮೆ ಚಳಿಗಾಲದ ನಿದ್ದೆ ಮುಗಿಸಿ ಬಿಲದಿಂದ ಎಂದು ಹೊರಬಂದೀತೆಂದು ಊಹಿಸುವ ಸ್ಪರ್ಧೆ ಅವರಿಗಾಗಿಯೇ ನಡೆಯುತ್ತದೆ. 2005ರಲ್ಲಿ ಅದು ಫೆಬ್ರವರಿ 14ಕ್ಕೇ ತಲೆ ಹೊರಹಾಕಿತ್ತು. ಏಪ್ರಿಲ್‌ವರೆಗೆ ಕಾಯಿಸಿದ ವರ್ಷಗಳೂ ಉಂಟು.

ಊರಿನ ಹಿತ್ತಿಲುಗಳಲ್ಲೂ ಆಮೆಗಳಿವೆ. 1990ರಲ್ಲಿ ಮೊಹಾವೆಯ ಕಾಡು ಆಮೆಗಳನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಕಾಡಿನಿಂದ ತರುವಂತಿಲ್ಲ, ಮೊದಲೇ ಮನೆಗಳಲ್ಲಿದ್ದವು ಮತ್ತು ಅವುಗಳ ಸಂತತಿಯನ್ನು ಮಾತ್ರ ದತ್ತು ಪಡೆಯಬಹುದು. ಮರಿಗಳ ಸಂಖ್ಯೆ ಮಿತಿಮೀರಿದ್ದರಿಂದ 2013ರಲ್ಲಿ ನೆವಾಡಾ ರಾಜ್ಯ ‘ಒಬ್ಬರಿಗೆ ಒಂದೇ ಆಮೆ’ ಎಂಬ ನಿಯಮ ತಂದಿತು. ಬೇಸರವಾಯಿತೆಂದು ಮರುಭೂಮಿಗೆ ಬಿಡುವಂತೆಯೂ ಇಲ್ಲ. ಸಾಕಿದ ಆಮೆಗಳಿಂದ ಉಸಿರಾಟದ ರೋಗ ಕಾಡಿನವಕ್ಕೆ ತಗುಲುವ ಭಯವಿದೆ. ಭಾರತದಲ್ಲಿ ಕಾನೂನು ಇನ್ನೂ ಬಿಗಿ: ನಕ್ಷತ್ರ ಆಮೆಯನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಸಾಕುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದೃಷ್ಟ ತರುತ್ತದೆಂಬ ಮಾತು ನಂಬಿ ಕೊಂಡವರಿಗೆ ಬರುವುದು ಮೊಕದ್ದಮೆ.

ಹಿತ್ತಿಲಿನ ಆಮೆಗೆ ಊರಿನ ಮಣ್ಣೇ ಹಾಸು. ಗೊಬ್ಬರ, ಕೀಟನಾಶಕ ಸೋಕಿರದಿದ್ದರೆ ಸಾಕು. ಕಷ್ಟ ಇರುವುದು ಪೆಟ್ಟಿಗೆಯಲ್ಲಿ ಬೆಳೆಯುವ ಮರಿಗಳದು. ಮರುಭೂಮಿಯ ಪ್ರಾಣಿಗೆ ಮರಳಲ್ಲದೆ ಇನ್ನೇನು ಎಂದುಕೊಂಡು ಮಾಲೀಕರು ಬರೀ ಮರಳು ಸುರಿಯುತ್ತಾರೆ. ಹಸಿ ಎಲೆಗೆ ಅಂಟಿದ ಮರಳು ತುತ್ತುತುತ್ತಿಗೂ ಒಳಹೋಗಿ ಕರುಳಿನಲ್ಲಿ ಗಟ್ಟಿಯಾದರೆ ಜೀವಕ್ಕೇ ಸಂಚಕಾರ. ಕ್ಯಾಲ್ಸಿಯಂ ಮರಳೆಂದು ಬಣ್ಣಬಣ್ಣದ ಪೊಟ್ಟಣಗಳಲ್ಲಿ ಮಾರುವುದೂ ಇದಕ್ಕೆ ಹೊರತಲ್ಲ. ಹಾಗಾದರೆ ಕಾಡಿನ ಆಮೆ ಮಣ್ಣು ತಿಂದು ಅರಗಿಸಿಕೊಳ್ಳುವುದಿಲ್ಲವೇ? ಅದು ಬೇಕಾದಾಗ ಬೇಕಾದಷ್ಟು ಮಾತ್ರ ಆರಿಸಿ ತಿನ್ನುತ್ತದೆ. ಪೆಟ್ಟಿಗೆಯ ಮರಿಗೆ ಆ ಆಯ್ಕೆ ಎಲ್ಲಿದೆ? ಪುಡಿಮಾಡಿದ ವಾಲ್‌ನಟ್ ಚಿಪ್ಪೂ ಹೊಟ್ಟೆ ಸೇರಿದರೆ ಅಪಾಯವೇ. ದೇವದಾರಿನ ಹೊಟ್ಟಿನ ಘಾಟು ಉಸಿರಾಟಕ್ಕೆ ಕೆಟ್ಟದ್ದು. ಗೊಬ್ಬರ ಸೇರದ ತೋಟದ ಮಣ್ಣನ್ನು ಅದುಮಿ ಹಾಸಿ, ಒಂದು ಮೂಲೆಯನ್ನು ತುಸು ತೇವವಾಗಿಟ್ಟು, ಮೇವನ್ನು ಚಪ್ಪಟೆ ಕಲ್ಲಿನ ಮೇಲೆ ಕೊಡುವುದು ಕ್ಷೇಮ. ತೀರ ಒಣ ಗಾಳಿಯಲ್ಲಿ ಬೆಳೆದ ಮರಿಯ ಚಿಪ್ಪು ಗುಬ್ಬುಗುಬ್ಬಾಗುತ್ತದೆ.

ಇನ್ನು ಸುಣ್ಣ. ಮೇವಿನಲ್ಲಿ ರಂಜಕದ ಎರಡರಷ್ಟಾದರೂ ಕ್ಯಾಲ್ಸಿಯಂ ಇರಬೇಕು. ಪಾಪಸುಕಳ್ಳಿಯ ಮುಳ್ಳು ತೆಗೆದ ಎಲೆ, ಹಿಪ್ಪುನೇರಳೆ ಸೊಪ್ಪು, ದಾಸವಾಳದ ಎಲೆ ಹೂವು ಒಳ್ಳೆಯವು. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಅದರ ಆಕ್ಸಾಲಿಕ್ ಆಮ್ಲ ಅದನ್ನು ದಕ್ಕಗೊಡುವುದಿಲ್ಲ. ಲಾಸ್ ವೇಗಾಸಿನ ಬೇಲಿಗಳಲ್ಲೆಲ್ಲ ಕಾಣುವ ಕಣಗಿಲೆಯಂತೂ ವಿಷ, ಹತ್ತಿರ ಬಿಡಬಾರದು. ಮೇವಿನ ಮೇಲೆ ಉದುರಿಸಲು ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಸಿಗುತ್ತದೆ. ಅದಕ್ಕಿಂತ ಸರಳವಾದದ್ದು ಸಮುದ್ರಫೇನ. ಪಂಜರದ ಗಿಳಿಗೆ ಕಟ್ಟುವ ಬಿಳಿಯ ಹಗುರ ತುಂಡು ಅದೇ. ಕಟಲ್‌ಫಿಶ್ ಎಂಬ ಕಡಲಜೀವಿಯ ಮೈಯೊಳಗಿನ ಚಿಪ್ಪು. ಪೆಟ್ಟಿಗೆಯಲ್ಲಿಟ್ಟರೆ ಆಮೆ ತನಗೆ ಬೇಕೆನಿಸಿದಾಗ ಕಡಿಯುತ್ತದೆ, ಬೇಡವಾದಾಗ ಬಿಡುತ್ತದೆ. ಕಲೀಚೆಯ ಮುಂದೆ ನಿಂತ ಕಾಡಿನ ಆಮೆ ಮಾಡುವುದೂ ಅದನ್ನೇ.

ಇಷ್ಟೆಲ್ಲ ಕೊಟ್ಟೂ ಚಿಪ್ಪು ಮೆತ್ತಗಾಗುವುದುಂಟು. ಕ್ಯಾಲ್ಸಿಯಂ ಮೈಗೆ ಹತ್ತಲು ಡಿ3 ಜೀವಸತ್ವ ಬೇಕು. ಅದು ಹುಟ್ಟುವುದು ಬಿಸಿಲಿನ ನೇರಳಾತೀತ ಕಿರಣದಿಂದ. ಕಿಟಕಿಯ ಗಾಜು ಆ ಕಿರಣವನ್ನು ತಡೆಯುತ್ತದೆ. ಗಾಜಿನ ಹಿಂದೆ ಹೊಂಬಿಸಿಲಲ್ಲಿ ಮಲಗಿದ ಮರಿ ನೋಡಲು ಚೆಂದ, ಮೂಳೆಗೆ ಮಾತ್ರ ಪ್ರಯೋಜನವಿಲ್ಲ. ಅದನ್ನು ಬೆಳಗಿನ ಹೊತ್ತು ಅಂಗಳಕ್ಕೇ ತರಬೇಕು, ಪಕ್ಕದಲ್ಲಿ ತೆವಳಿ ಸೇರಲು ಒಂದಿಷ್ಟು ನೆರಳೂ ಇರಬೇಕು.