ಮನೆಯಲ್ಲಿ ಹುಟ್ಟಿದ ಹಾಡುಗಳು

ಹಾಡುಗಳಲ್ಲಿ ಎರಡು ಬಗೆಗಳುಂಟು. ವಿದ್ವಾಂಸರು ಕಟ್ಟಿ, ಗಾಯಕರು ಸಭೆಯಲ್ಲಿ ಹಾಡಿ, ಲೋಕವು ಕೇಳಿ ತಲೆದೂಗುವುದು ಒಂದು ಬಗೆ. ಅಡಿಗೆಯ ಮನೆಯಲ್ಲಿಯೋ ತೊಟ್ಟಿಲ ಬಳಿಯಲ್ಲಿಯೋ ಹುಟ್ಟಿ, ನಾಲ್ಕು ಗೋಡೆಗಳೊಳಗೆ ಬೆಳೆದು, ಅನೇಕ ವೇಳೆ ಹಾಡಿದವರೊಡನೆಯೇ ಹೊರಟುಹೋಗುವುದು ಇನ್ನೊಂದು ಬಗೆ. ಮೊದಲನೆಯದಕ್ಕೆ ಲಕ್ಷಣಗ್ರಂಥಗಳೂ ಬಿರುದುಗಳೂ ಉಂಟು. ಎರಡನೆಯದಕ್ಕೆ ಕರ್ತೃವಿನ ಹೆಸರೂ ಉಳಿಯುವುದಿಲ್ಲ. ಆದರೂ ಅರುವತ್ತು ದಾಟಿದ ಮೇಲೆ ಹಿಂದಿರುಗಿ ನೋಡಿದರೆ, ಮನುಷ್ಯನ ಬಾಳನ್ನು ಹೊಲಿದಿರುವ ದಾರವು ಈ ಎರಡನೆಯದೇ ಎಂದು ನಮಗೆ ತೋರುತ್ತದೆ. ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಅದರ ವಿಚಾರವನ್ನೇ.

ಇದನ್ನು ಅಲ್ಪವಿಷಯವೆಂದು ವಾಚಕರು ತಿಳಿಯಬಾರದು. ಮಾರ್ಕಂಡೇಯ ಪುರಾಣದಲ್ಲಿ ಮದಾಲಸೆಯ ಕಥೆ ಇರುವುದಷ್ಟೆ. ಋತಧ್ವಜರಾಜನ ಪತ್ನಿಯಾದ ಆ ಸಾಧ್ವಿಯು ಅಳುವ ಕೂಸನ್ನು ಸಂತೈಸುವ ನೆವದಿಂದ ಅದಕ್ಕೆ ಆತ್ಮತತ್ತ್ವವನ್ನೇ ಬೋಧಿಸಿದಳು. ಮೊದಲ ಮೂವರು ಮಕ್ಕಳೂ ಹೀಗೆ ವಿರಕ್ತರಾಗಿಬಿಡಲು, ನಾಲ್ಕನೆಯವನಾದ ಅಲರ್ಕನಿಗಾದರೂ ರಾಜಧರ್ಮವನ್ನು ಕಲಿಸೆಂದು ಅರಸನು ಬೇಡಿಕೊಳ್ಳಬೇಕಾಯಿತು. ತೊಟ್ಟಿಲ ಬಳಿಯ ಮಾತಿಗೆ ಅಷ್ಟು ಬಲ! ರಘುವಂಶದ ನಾಲ್ಕನೆಯ ಸರ್ಗದಲ್ಲಿ, ಕಬ್ಬಿನ ನೆರಳಿನಲ್ಲಿ ಕುಳಿತು ಬತ್ತದ ಗದ್ದೆ ಕಾಯುವ ಹೆಂಗಸರು ರಘುವಿನ ಯಶಸ್ಸನ್ನು ಹಾಡುವರು. ಹಾಡುವಾಗ ಅವನ ಬಾಲ್ಯದ ಸಂಗತಿಗಳಿಂದಲೇ ಮೊದಲುಮಾಡುವರು. ದಿಗ್ವಿಜಯಕ್ಕೆ ಹೊರಡುವ ಚಕ್ರವರ್ತಿಯೂ ಹೆಂಗಸರ ಬಾಯಲ್ಲಿ ಮೊದಲು ಮಗುವೇ.

ನಮ್ಮ ನಾಡಿನಲ್ಲಿಯೂ ಈ ಪರಂಪರೆ ಹಳೆಯದು. ಓದು ಕಲಿಯದವರೂ ಕಾವ್ಯಪ್ರಯೋಗದಲ್ಲಿ ನುರಿತವರೆಂದು 9ನೆಯ ಶತಮಾನದ ಕವಿರಾಜಮಾರ್ಗವು ಕನ್ನಡಿಗರನ್ನು ಹೊಗಳಿದೆ. ಕಲ್ಯಾಣದ ಚಾಲುಕ್ಯರಾಜನಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ, ಧಾನ್ಯ ಕುಟ್ಟುವಾಗ ತ್ರಿಪದಿಯನ್ನೂ ಮದುವೆಯಲ್ಲಿ ಧವಳವನ್ನೂ ಹಾಡುವ ಮಾತು ಬಂದಿದೆ. 18ನೆಯ ಶತಮಾನದ ಹೆಳವನಕಟ್ಟೆ ಗಿರಿಯಮ್ಮನ ಹಾಡುಗಳು ಮನೆಮನೆಯ ಹೆಂಗಸರ ಬಾಯಲ್ಲಿಯೇ ಬದುಕಿ ಬಂದವು. ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಪದಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಿಂದ ಪ್ರಕಟಿಸಿದಾಗ, ಪಂಡಿತರು ಕೂಡ ಬೆರಗಾಗಿ ನೋಡಿದರು. ಆದರೆ ಅಚ್ಚಿಗೆ ಬಂದವುಗಳಿಗಿಂತ ಬಾರದೆ ಹೋದವುಗಳೇ ಹೆಚ್ಚಲ್ಲವೇ? ಅಂಥ ಒಂದು ಹಾಡು ನಮ್ಮ ಮನೆಯಲ್ಲಿ ಇರುವುದು.

ನಮ್ಮ ತಂದೆಯವರು ಹಲಸೂರಿನ ವಠಾರವನ್ನು ಬಿಟ್ಟು ಇಂದಿರಾನಗರಕ್ಕೆ ಬಂದು ನೆಲಸಿದ್ದು 1979ರಲ್ಲಿ. ನಮಗೆ ಆಗ ಹದಿನಾಲ್ಕು ವರ್ಷ. ಬಡಾವಣೆಯು ಆಗತಾನೆ ತಲೆಯೆತ್ತುತ್ತಿತ್ತು. ಕಟ್ಟಿದ ಮನೆಗಳಿಗಿಂತ ಖಾಲಿ ನಿವೇಶನಗಳೇ ಹೆಚ್ಚು. ಗಾಳಿ ಬೀಸಿದರೆ ಕೆಂಪು ಧೂಳು ಬಂದು ಒಣಹಾಕಿದ ಬಟ್ಟೆಯ ಮೇಲೆ ಕೂರುವುದು. ತಂದೆಯವರು ಕಾರ್ಖಾನೆಯ ಕೆಲಸಗಾರರು, ಮಿತಭಾಷಿಗಳು. ತಾಯಿಯವರು ಪ್ರಾಥಮಿಕ ಶಾಲೆಯ ನಾಲ್ಕನೆಯ ತರಗತಿಯವರೆಗೆ ಓದಿದ್ದವರು. ಆದರೆ ನಲ್ಲಿಯ ಮುಂದೆ ಕೊಡಗಳ ಸಾಲಿನಲ್ಲಿ ನಿಂತಿರುವಾಗಲೂ ಅವರ ತುಟಿಯು ಏನನ್ನೋ ಗುನುಗುನಿಸುತ್ತಲೇ ಇರುವುದು.

ನಾವು ಮೂವರು ಮಕ್ಕಳು: ನಾವು, ತಂಗಿ, ಕೊನೆಯ ತಮ್ಮ. ಯಾರ ವರ್ಧಂತಿಯೇ ಬರಲಿ, ತಾಯಿಯವರು ಮೂವರನ್ನೂ ಸಾಲಾಗಿ ಮಣೆಯ ಮೇಲೆ ಕೂರಿಸಿ, ತಟ್ಟೆಯಲ್ಲಿ ಮೂರು ಬತ್ತಿ ಹಚ್ಚಿ, ತಾವೇ ಕಟ್ಟಿದ ಹಾಡಿನಿಂದ ಆರತಿ ಎತ್ತುವರು. ಒಬ್ಬೊಬ್ಬರಿಗೆ ಒಂದೊಂದು ಸಾಲು, ಸಾಲಿನಲ್ಲಿ ಅವರವರ ಹೆಸರು. ಪುಸ್ತಕ ಬಿಡದವನೆಂದು ನಮಗೆ, ಮೊಗ್ಗು ಕಟ್ಟುವವಳೆಂದು ತಂಗಿಗೆ, ವಿಮಾನ ಎಣಿಸುವವನೆಂದು ತಮ್ಮನಿಗೆ. ಎಚ್.ಎ.ಎಲ್. ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಆಗ ನಮ್ಮ ತಾರಸಿಯ ಮೇಲೆಯೇ ಹಾದುಹೋಗುವಂತೆ ಕಾಣುತ್ತಿದ್ದುವು. ತಮ್ಮನು ಅಂಗಳಕ್ಕೆ ಓಡಿಬಂದು ಬೆರಳು ಮಡಿಸಿ ಎಣಿಸುವನು. ಮುಂದೆ ಚಾಮರಾಜಪೇಟೆಯ ಸಂಸ್ಕೃತ ಕಾಲೇಜಿನಲ್ಲಿ ಛಂದಸ್ಸನ್ನು ಓದುವಾಗ ಆ ಹಾಡಿಗೆ ಗಣ ಹಾಕಿ ನೋಡಿದೆವು. ಮೂರನೆಯ ಸಾಲಿನಲ್ಲಿ ಒಂದು ಮಾತ್ರೆ ಹೆಚ್ಚಾಗಿತ್ತು. ತಾಯಿಯವರ ರಾಗವು ಅದನ್ನು ಹೇಗೋ ನುಂಗಿಕೊಂಡು ನಡೆಯುತ್ತಿತ್ತು.

1982ರಲ್ಲಿ, ನಾಲ್ಕು ದಿನದ ಜ್ವರದಲ್ಲಿ, ತಮ್ಮನು ತೀರಿಕೊಂಡನು. ಅವನಿಗೆ ಐದು ವರ್ಷ.

ಮರುವರ್ಷ ತಂಗಿಯ ವರ್ಧಂತಿ ಬಂದಿತು. ಆ ದಿನ ಮನೆಗೆ ಬಂದಿದ್ದ ನಮ್ಮ ಸೋದರತ್ತೆಯವರು, “ಆರತಿಯಲ್ಲಿ ಇಲ್ಲದವನ ಹೆಸರು ಬರಬಾರದಮ್ಮ, ಅಮಂಗಳ” ಎಂದು ಮೆಲ್ಲಗೆ ಹೇಳಿದರು. ತಾಯಿಯವರು ವಾದಿಸಲಿಲ್ಲ. ತಟ್ಟೆಯಲ್ಲಿ ಎಂದಿನಂತೆ ಮೂರು ಬತ್ತಿಗಳನ್ನೇ ಇಟ್ಟರು. ಹಾಡು ಮೂರನೆಯ ಸಾಲಿಗೆ ಬಂದಾಗ ಹೆಸರನ್ನು ಮಾತ್ರ ಬಿಟ್ಟು, “ವಿಮಾನ ಎಣಿಸುವ ಕಂದಗೆ” ಎಂದು ಹಾಡಿ ಮುಗಿಸಿದರು. ಅತ್ತೆಯವರ ಮಾತೂ ನಡೆಯಿತು, ಮಗನ ಮಣೆಯೂ ಉಳಿಯಿತು. ಅಲ್ಲಿಂದ ಮುಂದೆ ಆ ಸಾಲು ಬರುವ ಹೊತ್ತಿಗೆ ತಂದೆಯವರು ಎದ್ದು ಹೊರಗೆ ಹೋಗಿ, ಬಾಗಿಲಲ್ಲಿದ್ದ ಚಪ್ಪಲಿಗಳನ್ನು ಜೋಡಿಸಿ ಒಳಗೆ ಬರುವರು. ಒಂದು ವರ್ಷ ತಾಯಿಯವರಿಗೆ ಗಂಟಲು ಕಟ್ಟಿ, ಎರಡು ಸಾಲು ಹಾಡುವಷ್ಟರಲ್ಲಿ ಸ್ವರ ನಿಂತುಹೋಯಿತು. ಎಂದೂ ಹಾಡದ ತಂದೆಯವರು ಬಾಗಿಲಲ್ಲಿ ನಿಂತುಕೊಂಡೇ, ರಾಗವಿಲ್ಲದೆ, ಮಾತಿನಂತೆ, ಮೂರನೆಯ ಸಾಲನ್ನು ಹೇಳಿ ಪೂರ್ತಿಮಾಡಿದರು. ಆ ಹೆಚ್ಚಿನ ಒಂದು ಮಾತ್ರೆಯನ್ನು ನಾವು ಮತ್ತೆಂದೂ ಎಣಿಸಿಲ್ಲ.

ಮನೆಯ ಹಾಡುಗಳೆಲ್ಲ ಕಣ್ಣೀರಿನವೆಂದು ತಿಳಿಯಬೇಕಾದುದಿಲ್ಲ. 1991ರಲ್ಲಿ ನಮಗೆ ವಿವಾಹವಾಯಿತು. ನಮ್ಮ ಮನೆಯವರು ಧಾರವಾಡದ ಕಡೆಯವರು. ಅಲ್ಲಿ ಹೆಂಡತಿಯು ಗಂಡನ ಹೆಸರನ್ನು ಬರಿದೆ ಹೇಳದೆ, ಒಡಪು ಕಟ್ಟಿ ಅದರೊಳಗೆ ಸೇರಿಸಿ ಹೇಳುವ ಸಂಪ್ರದಾಯವುಂಟು. ಸೀಮಂತದ ದಿನ ಹೆಂಗಸರೆಲ್ಲ ಸುತ್ತುವರಿದು ಬಲವಂತಪಡಿಸಲು, ಆಕೆ ಎದ್ದು ನಿಂತು, “ಏಳು ವಿಭಕ್ತಿ ಬಲ್ಲವರು, ಏಳುವುದು ಮಾತ್ರ ಏಳು ಗಂಟೆಗೆ” ಎಂದು ಮೊದಲುಮಾಡಿ ನಮ್ಮ ಹೆಸರನ್ನು ಕೊನೆಗೆ ಸೇರಿಸಿದರು. ಸಭೆಯು ಗೊಳ್ಳೆಂದಿತು. ತಾಯಿಯವರು ಎಲ್ಲರಿಗಿಂತ ಹೆಚ್ಚು ನಕ್ಕರು. ಆ ಸಂಜೆಯೇ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಆರತಿಯ ಹಾಡನ್ನು ಕಲಿಸಿದರು. ಹಾಡನ್ನು ಒಪ್ಪಿಸುವುದಕ್ಕೆ ತಕ್ಕ ಕೈ ದೊರೆಯಿತೆಂದು ಅವರಿಗೆ ಅನ್ನಿಸಿರಬೇಕು.

ಕಾಲವೂ ಸುಮ್ಮನೆ ಕುಳಿತಿರಲಿಲ್ಲ. ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಧ್ವನಿಸುರುಳಿಯು 1978ರಲ್ಲಿ ಬಂದ ಮೇಲೆ, ಕವಿಗಳ ಗೀತೆಗಳು ಕ್ಯಾಸೆಟ್ಟಿನ ರೂಪದಿಂದ ನಡುಮನೆಗೆ ಬಂದುವು. ಅದು ನಾಡಿನ ಭಾಗ್ಯವೇ ಸರಿ. ಇಂದಿರಾನಗರವೂ ಬೆಳೆಯಿತು. ಧೂಳಿನ ನಿವೇಶನಗಳಿದ್ದ ಕಡೆ ಅಂಗಡಿಗಳೂ ಉಪಾಹಾರಗೃಹಗಳೂ ಎದ್ದುವು. 2011ರ ಅಕ್ಟೋಬರಿನಲ್ಲಿ ಮೆಟ್ರೋ ರೈಲು ಓಡತೊಡಗಿತು. ಈಗ ಸಂಜೆಯಾದರೆ ಹನ್ನೆರಡನೆಯ ಮುಖ್ಯರಸ್ತೆಯ ಮಹಡಿಗಳಿಂದ ಬೇಕಾದಷ್ಟು ಸಂಗೀತ ಕೇಳುವುದು. ಕೂಸು ಅತ್ತರೆ ಮೊಬೈಲು ಲಾಲಿ ಹಾಡುವುದು. ಶ್ರುತಿಯೂ ಶುದ್ಧವಾಗಿಯೇ ಇರುವುದು. ಆದರೆ ಆ ಲಾಲಿಗೆ ಕೂಸಿನ ಹೆಸರು ತಿಳಿಯದು. ಅದರ ಅಜ್ಜನು ಯಾರು, ಅದಕ್ಕೆ ಯಾವುದರ ಮೇಲೆ ಆಸೆ ಎಂಬುದೂ ತಿಳಿಯದು. ಎಲ್ಲ ಮಕ್ಕಳಿಗೂ ಹೊಂದುವ ಹಾಡು ಒಂದು ಮಗುವಿನದಾಗಲು ಮನೆಯವರ ಬಾಯೇ ಬೇಕು.

ತಾಯಿತಂದೆಗಳು ಈಗ ಇಲ್ಲ. ನಾವು ಪಾಠ ಹೇಳುವುದನ್ನು ಮುಗಿಸಿ ವಿಶ್ರಾಂತಿಯಲ್ಲಿದ್ದೇವೆ. ಕೃಷ್ಣರಾಜಪುರದ ಕಡೆ ಇರುವ ಮಗಳು ರಜಾದಿನಗಳಲ್ಲಿ ಮೆಟ್ರೋ ಹತ್ತಿ ಮೊಮ್ಮಗಳನ್ನು ಕರೆತರುವಳು. ಹೋದ ವರ್ಷ ಆ ಮಗುವಿಗೆ ಆರು ತುಂಬಿದಾಗ ನಮ್ಮ ಮನೆಯಲ್ಲಿಯೇ ಆರತಿಯಾಯಿತು. ಹಾಡು ಈಗ ಐದು ಸಾಲಿನದು: ಹಳೆಯ ಮೂರು, ಮಗಳದೊಂದು, ಮೊಮ್ಮಗಳದೊಂದು. ಹಾಡು ಮುಗಿದ ಕೂಡಲೆ ಮಗುವು, “ತಾತ, ಎಲ್ಲರಿಗೂ ಹೆಸರಿದೆ, ವಿಮಾನ ಎಣಿಸುವವನಿಗೆ ಯಾಕೆ ಇಲ್ಲ? ಅವನು ಯಾರು?” ಎಂದು ಕೇಳಿತು. ಮನೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ.

“ಅವನು ನಿನ್ನ ಚಿಕ್ಕತಾತ. ನಿನಗಿಂತ ಒಂದು ವರ್ಷ ಚಿಕ್ಕವನು” ಎಂದೆವು. ಮಗುವಿಗೆ ಇದು ವಿಚಿತ್ರವೆನಿಸಲಿಲ್ಲ. “ಎಷ್ಟರವರೆಗೆ ಎಣಿಸುತ್ತಿದ್ದ?” ಎಂದಿತು. “ಇಪ್ಪತ್ತರವರೆಗೆ. ಹದಿಮೂರನ್ನು ಮಾತ್ರ ಯಾವಾಗಲೂ ಬಿಟ್ಟುಬಿಡುತ್ತಿದ್ದ.” “ಈಗ ಯಾಕೆ ಅಷ್ಟು ವಿಮಾನ ಬರುವುದಿಲ್ಲ?” 2008ರಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದುದನ್ನು ಹೇಳಿದೆವು. ಆಮೇಲೆ ಅವನ ಹೆಸರನ್ನೂ ಹೇಳಿದೆವು. ನಲವತ್ತು ವರ್ಷಗಳ ಮೇಲೆ ಆ ಹೆಸರು ನಮ್ಮ ಮನೆಯ ಆರತಿಯ ಮುಂದೆ ಕೇಳಿಬಂದಿತು. ಮಗುವು ಅದನ್ನು ಎರಡು ಸಲ ಹೇಳಿ ನೋಡಿ, ಸಾಲಿನಲ್ಲಿ ಸೇರಿಸಿಕೊಂಡು, ತನ್ನ ಪಾಡಿಗೆ ಹಾಡತೊಡಗಿತು.

ಅಂದಿನಿಂದ ನಮಗೊಂದು ವಿಚಾರವು ಸ್ಪಷ್ಟವಾಗಿದೆ. ಮನೆಯ ಹಾಡಿನಲ್ಲಿ ಮನುಷ್ಯನಿಗೆ ಮೂರು ಆಶ್ರಮಗಳು. ಬಾಲ್ಯದಲ್ಲಿ ಅವನು ಹಾಡಿಸಿಕೊಳ್ಳುವವನು. ಯೌವನದಲ್ಲಿ ಹಾಡುವವನು, ಕಟ್ಟುವವನು. ಮುಪ್ಪಿನಲ್ಲಿ ಅರ್ಥ ಹೇಳುವವನು. ಮೂರನೆಯದು ಕಡಿಮೆಯ ಪದವಿಯಲ್ಲ. ಕಾಳಿದಾಸನ ಕಾವ್ಯಕ್ಕೆ ಮಲ್ಲಿನಾಥನು ವ್ಯಾಖ್ಯಾನವನ್ನು ಬರೆದು ಅದಕ್ಕೆ ‘ಸಂಜೀವಿನೀ’ ಎಂದು ಹೆಸರಿಟ್ಟನು. ಕಾಳಿದಾಸನಿಗೆ ಒಬ್ಬನಲ್ಲದಿದ್ದರೆ ಇನ್ನೊಬ್ಬನು ವ್ಯಾಖ್ಯಾನಕಾರನು ಸಿಕ್ಕಿಯಾನು. ನಮ್ಮ ತಾಯಿಯವರ ಮೂರನೆಯ ಸಾಲಿಗೆ ಅರ್ಥ ಹೇಳಬಲ್ಲವರು ಈಗ ಲೋಕದಲ್ಲಿ ನಾವು ಮತ್ತು ನಮ್ಮ ತಂಗಿ, ಇಬ್ಬರೇ. ಶರೀರವು ಶಿಥಿಲವಾದಂತೆ ತಾನು ಯಾತಕ್ಕೂ ಬಾರದವನೆಂದು ಕೊರಗುವ ಹಿರಿಯರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಮನೆಯ ಸಂಜೀವಿನಿಯು ಅವರ ನಾಲಗೆಯ ಮೇಲಿದೆ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿನಂತಿ ಇಷ್ಟೆ. ನಿಮ್ಮ ಮನೆಯಲ್ಲಿ ಹುಟ್ಟಿದ ಹಾಡು, ಒಡಪು, ಜೋಗುಳ, ಬೀಗರನ್ನು ಹಾಸ್ಯಮಾಡಿದ ಪದ, ಯಾವುದಿದ್ದರೂ ಒಂದು ಪುಸ್ತಕದಲ್ಲಿ ಬರೆದಿಡಿ. ಪದವನ್ನು ಬರೆದರೆ ಸಾಲದು. ಅದರೊಳಗಿನ ಹೆಸರು ಯಾರದು, ಆ ಮೊಗ್ಗು ಯಾವ ಅಂಗಳದ್ದು, ಆ ವಿಮಾನ ಎಲ್ಲಿಗೆ ಇಳಿಯುತ್ತಿತ್ತು ಎಂಬುದನ್ನೂ ಕೆಳಗೆ ಬರೆಯಿರಿ. ಮೊಬೈಲಿನಲ್ಲಿ ಧ್ವನಿಯನ್ನು ಹಿಡಿದಿಟ್ಟರೂ ಒಳ್ಳೆಯದೇ. ಇವೆಲ್ಲಕ್ಕಿಂತ ಮುಖ್ಯವಾಗಿ, ಮುಂದಿನ ವರ್ಧಂತಿಗೆ ಮಗುವಿನ ಹೆಸರು ಸೇರಿಸಿ ಒಂದು ಸಾಲನ್ನಾದರೂ ನೀವೇ ಕಟ್ಟಿ ಹಾಡಿರಿ. ಮಾತ್ರೆ ಹೆಚ್ಚಾದರೆ ಹೆಚ್ಚಾಗಲಿ.